ಕರೆಂಟ್ ಹೋದರೆ ಸೈರನ್ ಬೊಬ್ಬೆ ಹಾಕುತ್ತದೆ, ಕಳ್ಳರಂತೂ ಇಲ್ಲ

ಪೆರ್ಲದ ತೋಟದವ:
ನಮಸ್ಕಾರ. ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಚಾಲಿ (ಒಣಗಿಸಿದ ಅಡಿಕೆ) ಇಡುವ ಕೋಣೆಗೂ ಮನೆಗೂ ಸೇರಿಸಿ ನಾಲ್ಕು ವರ್ಷ ಹಿಂದೆ ಅಲಾರಂ ಹಾಕಿಸಿದ್ದೆ. ಈ ಮಾರ್ಚಿನಿಂದ ಅದರದ್ದೇ ಉಪದ್ರ. ರಾತ್ರಿ ಕರೆಂಟ್ ಹೋಗಿ ಹತ್ತು ನಿಮಿಷ ಆಗುವುದರೊಳಗೆ ಹೊರಗಿನ ಸೈರನ್ ಬೊಬ್ಬೆ ಹಾಕುತ್ತದೆ. ಓಡಿ ಹೋಗಿ ನೋಡಿದರೆ ಕೀಪ್ಯಾಡ್‌ನಲ್ಲಿ ಒಂದು ದೀಪವೂ ಇಲ್ಲ. ಕರೆಂಟ್ ಬಂದ ಮೇಲೆ ಹಳೆ ದಾಖಲೆ ತೆಗೆದರೆ ಬಾಗಿಲು ತೆರೆದದ್ದೂ ಇಲ್ಲ, ಯಾರೂ ಓಡಾಡಿದ್ದೂ ಇಲ್ಲ. ಮೊನ್ನೆ ಎರಡೂವರೆ ಗಂಟೆಗೆ ಆಚೆ ಮನೆಯ ಭಾವ ಟಾರ್ಚು, ಕತ್ತಿ ಹಿಡಿದುಕೊಂಡೇ ಬಂದುಬಿಟ್ಟರು. ನಾಚಿಕೆ ಆಯಿತು.

ಹಾಕಿಕೊಟ್ಟವರನ್ನು ಕರೆದರೆ ಪ್ಯಾನಲ್ (ಅಲಾರಂ ನಡೆಸುವ ಮುಖ್ಯ ಪೆಟ್ಟಿಗೆ) ಹೋಗಿದೆ, ಇಡೀ ಸೆಟ್ ಬದಲಿಸಿ ಎಂದರು. ಒಳಗಿನ 12 ವೋಲ್ಟಿನ ಬ್ಯಾಟರಿಗೆ ನಾನೇ ಮೀಟರ್ ಹಿಡಿದೆ. 13.4 ತೋರಿಸಿತು. ಹಾಗಾದರೆ ಬ್ಯಾಟರಿ ಸರಿ ಉಂಟಲ್ವಾ?

ಬದಿಯಡ್ಕದ ಅಕ್ಕ:
ಪ್ಲಗ್ಗಿನ ಸ್ವಿಚ್ ನೋಡಿದಿರಾ? ನಮ್ಮಲ್ಲಿ ಗುಡಿಸುವಾಗ ಯಾರೋ ಆಫ್ ಮಾಡಿದ್ದರು. ಎರಡು ದಿನ ಬ್ಯಾಟರಿಯಲ್ಲೇ ನಡೆದು ಕೊನೆಗೆ ಹೀಗೇ ಆಯಿತು. ಈಗ ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ್ದೇವೆ.

ಕುಂಬಳೆ ವೈರ್‌ಮನ್:
ಅಣ್ಣಾ, ಸೆಟ್ ಬದಲಿಸುವುದು ಆಮೇಲೆ. ನೀವು ನೋಡಿದ 13.4 ಬ್ಯಾಟರಿಯದ್ದಲ್ಲ, ಪ್ಯಾನಲಿನೊಳಗಿನ ಚಾರ್ಜರಿನದ್ದು. ವೈರ್ ಸಿಕ್ಕಿಸಿಯೇ ಅಳೆದರೆ ಸತ್ತ ಬ್ಯಾಟರಿಯೂ ಚೆನ್ನಾಗಿ ಕಾಣುತ್ತದೆ.

ಸೈರನ್ ಯಾಕೆ ಕೂಗುತ್ತದೆ ಅಂದರೆ, ಹೊರಗಿನ ಆ ಪೆಟ್ಟಿಗೆಯೊಳಗೆ ಅದರದ್ದೇ ಸಣ್ಣ ಬ್ಯಾಟರಿ ಇರಬೇಕು. ಪ್ಯಾನಲಿನಿಂದ ಬರುವ ವೋಲ್ಟೇಜ್ ನಿಂತರೆ ಕಳ್ಳ ವೈರ್ ಕತ್ತರಿಸಿದ ಎಂದೇ ಅದರ ಲೆಕ್ಕ. ಕರೆಂಟ್ ಹೋದಾಗ ಬ್ಯಾಟರಿಯೂ ಕೈಕೊಟ್ಟು ಪ್ಯಾನಲ್ ಸತ್ತ ಮೇಲೆ ಕೂಗಿದ್ದು, ಹಾಗಾಗಿ ದಾಖಲೆಯಲ್ಲಿ ಏನೂ ಇಲ್ಲ.

ಹೀಗೆ ಮಾಡಿ. ಮೊದಲು ಅಲಾರಂ ಅನ್ನು ಸರ್ವಿಸ್ ಮೋಡಿಗೆ (ರಿಪೇರಿ ಹೊತ್ತಿಗೆ ಸೈರನ್ ಕೂಗದಂತೆ ಇಡುವ ಸ್ಥಿತಿ) ಹಾಕಿ, ಆಮೇಲೆ ಪ್ಯಾನಲಿನ ಮುಚ್ಚಳ ತೆಗೆಯಿರಿ. ಪ್ಲಗ್ ಕಿತ್ತು, ಬ್ಯಾಟರಿಯ ಎರಡೂ ವೈರ್ ಬಿಡಿಸಿ. ಕೆಂಪು, ಕಪ್ಪು ಒಂದಕ್ಕೊಂದು ತಾಗಬಾರದು. ಬ್ಯಾಟರಿ ನಾಲ್ಕೈದು ಗಂಟೆ ಸುಮ್ನೆ ಇರಲಿ. ಆಮೇಲೆ ಅಳೆದರೆ ಚಾರ್ಜ್ ತುಂಬಿದ್ದು 12.7ರ ಆಸುಪಾಸು ಇರಬೇಕು. ಇಷ್ಟಕ್ಕೇ ನಂಬಬೇಡಿ. ಕಾರಿನ ಇಂಡಿಕೇಟರಿನ 21 ವಾಟ್ ಬಲ್ಬ್ ಒಂದನ್ನು ಅದಕ್ಕೆ ಹಚ್ಚಿ, ಹೊತ್ತಿಕೊಂಡೇ ಇರುವಾಗ ಮೀಟರ್ ನೋಡಿ. 7 ಆಂಪಿಯರ್-ಅವರಿನ ಒಳ್ಳೆ ಬ್ಯಾಟರಿ ಹತ್ತು ನಿಮಿಷ ಆದರೂ 12ರ ಹತ್ತಿರವೇ ನಿಲ್ಲುತ್ತದೆ. ಕೆಟ್ಟದ್ದು ನಿಮ್ಮ ಕಣ್ಣೆದುರೇ 10ಕ್ಕಿಂತ ಕೆಳಗೆ ಇಳಿಯುತ್ತದೆ.

ಬ್ಯಾಟರಿ ಇಲ್ಲದೆ ಪ್ಲಗ್ ಮಾತ್ರ ಹಾಕಿ, ಚಾರ್ಜರಿನ ತುದಿಗಳನ್ನೂ ಅಳೆಯಿರಿ. 13.6ರಿಂದ 13.8 ಬರಬೇಕು. ಒಂದು ಸಲ ಮಧ್ಯಾಹ್ನ, ಒಂದು ಸಲ ಬೆಳಿಗ್ಗೆ ಪಂಪ್ ಓಡುವ ಹೊತ್ತಿಗೆ.

ಪೆರ್ಲದ ತೋಟದವ:
ಮಾರಾಯ್ರೇ, ಸರಿಯಾಗಿಯೇ ಹೇಳಿದಿರಿ. ಬಲ್ಬ್ ಹಚ್ಚುವ ಮೊದಲು 12.4, ಒಂದು ನಿಮಿಷಕ್ಕೆ 9.1. ಬಲ್ಬ್ ಕೆಂಪಾಗಿ ಆರಿಹೋಯಿತು. ಚಾರ್ಜರ್ ಮಧ್ಯಾಹ್ನ 13.7. ಬೆಳಿಗ್ಗೆ ಆರೂವರೆಗೆ 12.3 ಮಾತ್ರ! ಆಗ ಗೋಡೆಯ ಪ್ಲಗ್ಗಿನಲ್ಲಿ 165 ವೋಲ್ಟ್ ಇತ್ತು. ಸುತ್ತಲಿನ ತೋಟಗಳಲ್ಲೆಲ್ಲ ಪಂಪ್ ಶುರುವಾಗುವ ಹೊತ್ತು ಅದು. ಪ್ಯಾನಲ್ ಇರುವುದು ಅಟ್ಟದಲ್ಲಿ, ಶೀಟಿನ ಕೆಳಗೆ.

ಕುಂಬಳೆ ವೈರ್‌ಮನ್:
ಅಲ್ಲಿಗೆ ಆಯಿತಲ್ಲ. 230ಕ್ಕೆ 16 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ 165ಕ್ಕೆ ಹನ್ನೊಂದೂವರೆ ಮಾತ್ರ ಕೊಡುತ್ತದೆ. ಅದರಿಂದ 13.7 ಎಲ್ಲಿಂದ ಬರಬೇಕು? ಕರೆಂಟ್ ಪೂರ್ತಿ ಹೋಗಿಲ್ಲವಾದ್ದರಿಂದ ಪ್ಯಾನಲ್ ದೂರು ಹೇಳುವುದೂ ಇಲ್ಲ. ರಾತ್ರಿ ಖಾಲಿಯಾದದ್ದು ಬೆಳಿಗ್ಗೆ ತುಂಬುವುದಿಲ್ಲ. ಹಾಗೆ ಅರೆಹೊಟ್ಟೆಯಲ್ಲೇ ಇದ್ದರೆ ಒಳಗಿನ ಸೀಸದ ತಗಡಿನ ಮೇಲೆ ಗಟ್ಟಿ ಪದರ ಕಟ್ಟಿ, ಆಮೇಲೆ ಚಾರ್ಜೇ ಹಿಡಿಯುವುದಿಲ್ಲ. ಅಟ್ಟದ ಸೆಕೆಯೂ ಸೇರಿತು. ಹತ್ತು ಡಿಗ್ರಿ ಜಾಸ್ತಿ ಆದರೆ ಇಂಥ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧ. ನಾಲ್ಕು ವರ್ಷ ಬಂದದ್ದೇ ಹೆಚ್ಚು.

ಬ್ಯಾಟರಿ ಹೊಸತು ಹಾಕಿ. ಪ್ಯಾನಲ್ ಕೆಳಗಿನ ಕೋಣೆಗೆ ಬರಲಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿಗೆ ಕೊಡಿ. ಅದರ ಹಿಂದೆ ಯುಪಿಎಸ್ ಎಂಬ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿ. ಆಗ ಸಾಮಾನ್ಯವಾಗಿ ವೋಲ್ಟೇಜ್ 180ಕ್ಕಿಂತ ಇಳಿದರೆ ಇನ್ವರ್ಟರ್ ತಾನೇ ತನ್ನ ಬ್ಯಾಟರಿಗೆ ಹೋಗುತ್ತದೆ. ಫ್ಯೂಸ್ ಹೋದರೆ ಮಾತ್ರ ದಯವಿಟ್ಟು ತಂತಿ ಸುತ್ತಬೇಡಿ. ನಮ್ಮ ಕಡೆ ಅದೊಂದು ಅಭ್ಯಾಸ.

ಪೆರ್ಲದ ತೋಟದವ:
ಹೊಸ ಬ್ಯಾಟರಿ ಹಾಕಿ ಎಂಟು ದಿನ ಆಯಿತು. ಪ್ಯಾನಲ್ ಈಗ ದೇವರ ಕೋಣೆಯ ಪಕ್ಕ, ಇನ್ವರ್ಟರ್ ಲೈನಿನಲ್ಲಿ. ಪರೀಕ್ಷೆಗೆಂದು ನಿನ್ನೆ ಪ್ಲಗ್ ಕಿತ್ತು ಇಡೀ ರಾತ್ರಿ ಬಿಟ್ಟೆ. ಕೀಪ್ಯಾಡ್ ಆಗಾಗ ಬೀಪ್ ಎಂದಿತು, ಅಷ್ಟೆ. ಬೆಳಿಗ್ಗೆಯೂ ದೀಪ ಉರಿಯುತ್ತಿತ್ತು. ಭಾವನಿಗೆ ಒಂದು ಕದಳಿ ಗೊನೆ ಕೊಟ್ಟು ಬಂದೆ. ಸೈರನ್ ಪೆಟ್ಟಿಗೆಯ ಸಣ್ಣ ಬ್ಯಾಟರಿಯನ್ನೂ ಬದಲಿಸಬೇಕಾ?

ಕುಂಬಳೆ ವೈರ್‌ಮನ್:
ಅದೂ ನಾಲ್ಕು ವರ್ಷದ್ದೇ ಅಲ್ವಾ, ಬದಲಿಸಿ. ಆದರೆ ಏಣಿ ಹತ್ತುವ ಮೊದಲು ಸರ್ವಿಸ್ ಮೋಡಿಗೆ ಹಾಕಲು ಮರೆಯಬೇಡಿ. ಮುಚ್ಚಳ ಸಡಿಲಾದ ಕೂಡಲೇ ಅದು ಕೂಗುತ್ತದೆ, ಭಾವ ಪುನಃ ಕತ್ತಿ ಹಿಡಿದುಕೊಂಡು ಬರುತ್ತಾರೆ.