ಗಂಜಿ ಬೇಯುವಷ್ಟು ಹೊತ್ತು ಸಾಕು, ತಂಗೀ

“ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ಪ್ರಾರ್ಥನೆ ತಪ್ಪಿಹೋಗಿದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಹಿಡಿದ ಬೈಬಲ್ ಓದು ಹತ್ತೇ ದಿನಕ್ಕೆ ನಿಂತಿತು. ಈಗ ದೇವರ ಮುಂದೆ ನಿಲ್ಲಲೂ ನಾಚಿಕೆ” ಎಂದು ಬರೆದಿದ್ದ ಸೋದರಿಗೆ ಬಂದ ಉತ್ತರಗಳು.

ತಂಗೀ, ನಿನ್ನ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬೆಳಿಗ್ಗೆ ಕುಚಲಕ್ಕಿ ಗಂಜಿ ಒಲೆಯ ಮೇಲಿಟ್ಟು, ಅದು ಬೇಯುವ ತನಕ ಮಣೆ ಹಾಕಿ ಕುಳಿತು ತೇರ್ಸ್, ಅಂದರೆ ಮಣಿ ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆ, ಹೇಳುತ್ತಿದ್ದಳು. ಹಿಂದಿನ ಕಾಲದಲ್ಲಿ ಓದು ಬಾರದವರು ಬೈಬಲಿನ 150 ಕೀರ್ತನೆಗಳ ಬದಲಿಗೆ ಮಾತೆ ಮರಿಯಳನ್ನು ನೆನೆಯುವ ನಮೋ ಮರಿಯಾ ಪ್ರಾರ್ಥನೆಯನ್ನು 150 ಸಲ ಹೇಳುತ್ತಿದ್ದರು, ಜಪಸರ ಬೆಳೆದದ್ದು ಹಾಗೆ ಎಂದು ನಮ್ಮ ಫಾದರ್ ಹೇಳಿದಾಗ ಅಜ್ಜಿಯೇ ಕಣ್ಣ ಮುಂದೆ ಬಂದಳು. ನೀನು ಇಡೀ ಜಪಸರಕ್ಕೆ ಕೈ ಹಾಕಬೇಡ. ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯಾ, ಕೊನೆಗೆ ‘ಪಿತನಿಗೂ ಸುತನಿಗೂ’. ಐದು ನಿಮಿಷ ಹಿಡಿದರೆ ಹೆಚ್ಚು. ದಿನಕ್ಕೆ ಹತ್ತು ಮಣಿಯಂತೆ ಐದು ದಿನಕ್ಕೆ ಒಂದು ಸರ ಮುಗಿಯುತ್ತದೆ. ನಿನ್ನೆ ತಪ್ಪಿತೆಂದು ಇವತ್ತು ಎರಡರಷ್ಟು ಹೇಳಲು ಮಾತ್ರ ಹೋಗಬೇಡ. ಹಾಗೆ ಬಾಕಿ ತೀರಿಸಲು ಹೊರಟೇ ನಾನು ಒಂದು ವರ್ಷ ಪೂರ್ತಿ ಬಿಟ್ಟುಬಿಟ್ಟಿದ್ದೆ. ಜಪಸರ ತೂಗುಹಾಕಿದ ಮೊಳೆಯ ಮುಂದೆ ಹಾಯುವುದೆಂದರೆ ಸಾಲ ಕೊಟ್ಟವರ ಮನೆ ಮುಂದೆ ಹಾಯ್ದಂತಾಗುತ್ತಿತ್ತು.
— ಓದುಗರು, ಹೊನ್ನಾವರ

ಬೈಬಲ್ ಓದು ಎಲ್ಲಿ ನಿಂತಿತೆಂದು ನೀವು ಬರೆದಿಲ್ಲ. ನಾನು ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಹೊರಟು ಎರಡು ಸಲ ಯಾಜಕಕಾಂಡದ ಬಲಿವಿಧಿಗಳಲ್ಲಿ ಸೋತವಳು. ಆಮೇಲೆ ಯೇಸುಸ್ವಾಮಿಯ ಬದುಕನ್ನು ಹೇಳುವ ಮಾರ್ಕನ ಶುಭಸಂದೇಶ ಹಿಡಿದೆ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಶಿರಸಿಯ ಮಳೆಗಾಲ, ಕರೆಂಟು ಹೋದ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿಕೊಂಡು ಓದಿದೆ. ಮೊದಲ ಅಧ್ಯಾಯದಲ್ಲೇ ಊರಿಗೆ ಊರೇ ಬಾಗಿಲಲ್ಲಿ ನೆರೆಯುತ್ತದೆ. ಮರುದಿನ ಇನ್ನೂ ಕತ್ತಲಿರುವಾಗ ಯೇಸುಸ್ವಾಮಿ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋಗುತ್ತಾರೆ. ಅಷ್ಟರಲ್ಲಿ ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಎನ್ನುತ್ತ ಶಿಷ್ಯರು ಬೆನ್ನು ಹತ್ತಿ ಬರುತ್ತಾರೆ. ಯೇಸುಸ್ವಾಮಿಗೂ ಬಿಡುವು ಸಿಗುತ್ತಿರಲಿಲ್ಲ. ಅದನ್ನು ಓದಿದ ದಿನ ನನ್ನ ನಾಚಿಕೆ ಅರ್ಧ ಇಳಿಯಿತು.
— ಓದುಗರು, ಶಿರಸಿ

ಕೆಲಸ ಮಾಡುತ್ತಲೇ ಪ್ರಾರ್ಥಿಸಿ ಎಂದು ಹಲವರು ಹೇಳಬಹುದು. ನನಗದು ಒಗ್ಗಲಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ, ಗಡಿಯಾರ ನೆಚ್ಚುವಂತಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ, ಮೊಬೈಲ್ ಮುಟ್ಟುವ ಮೊದಲು, ಶಿಲುಬೆಯ ಮುಂದೆ ಎರಡು ನಿಮಿಷ ಕೂರುತ್ತೇನೆ. ಇವತ್ತು ಯಾರಿಂದ ಉಪಕಾರವಾಯಿತು, ಯಾರನ್ನು ನೋಯಿಸಿದೆ, ಇಷ್ಟೇ ನೆನೆಯುವುದು. ಮೊದಮೊದಲು ಹೆಂಡತಿಗೆ ಏನಾಯಿತೋ ಎಂಬ ಗಾಬರಿ. ಈಗ ಅವಳೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಿಮ್ಮ ಯಜಮಾನರನ್ನೂ ಕರೆದು ನೋಡಿ ಅಕ್ಕಾ. ಪತ್ರದಲ್ಲಿ ಅವರ ಮಾತೇ ಇಲ್ಲವಲ್ಲ.
— ಓದುಗರು, ಕಾರವಾರ