ಅರ್ಜೆಂಟ್: ಕುಂಡಿಯಲ್ಲಿ ಕೀವು ತುಂಬಿದ ಊತಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ರೋಗಿಗಳಿಗೆ ಕೊಡುವ ಕರಪತ್ರ ಅನುವಾದ ಮಾಡುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಕೂರುವ ಜಾಗದಲ್ಲಿ ಕೆಂಪಗೆ, ಬಿಸಿಯಾಗಿ ಊದಿಕೊಂಡು ಕೀವು ತುಂಬುವ 'ಆಬ್ಸೆಸ್'ಗೆ ಪದ ಬೇಕು. ಕಾರಣ ಒಂದೇ ಅಲ್ಲ. ಕೂದಲ ಬುಡಕ್ಕೆ ಸೋಂಕು ತಗುಲಿದ್ದು, ಇಂಜೆಕ್ಷನ್ ಕೊಟ್ಟ ಜಾಗದ್ದು, ಬಾಲದ ಮೂಳೆ ಹತ್ತಿರ ಕೂದಲು ಚರ್ಮದೊಳಗೆ ಹೊಕ್ಕು ಆಗಿದ್ದು, ಗುದದ ಪಕ್ಕದ್ದು, ಎಲ್ಲಕ್ಕೂ ಹೊಂದಬೇಕು. ನಿಘಂಟು 'ವಿದ್ರಧಿ' ಅನ್ನುತ್ತದೆ. 'ಪೃಷ್ಠದ ವಿದ್ರಧಿ' ಅಂದರೆ ಯಾರೂ ಓದಲ್ಲ ಅಲ್ವಾ?

ಉತ್ತರ:
ವಿದ್ರಧಿ ಕಸಕ್ಕೆ ಹಾಕಿ. ಕುರು. ಮುಗಿಯಿತು.

ಉತ್ತರ:
ಮುಗಿಯಲಿಲ್ಲ ಸರ್. ಕುರು ಅಂದರೆ ಮೇಲೆ ಮುಖ ಮಾಡಿ, ಹಣ್ಣಾಗಿ ಒಡೆಯುವಂಥದ್ದು. ಗುದದ ಪಕ್ಕದ್ದು ಆಳದಲ್ಲಿ ಇರಬಹುದು. ಹೊರಗೆ ಏನೂ ಕಾಣದೆ ಬರೀ ಜ್ವರ, ಕೂರಲಾಗದ ನೋವು. ಅದನ್ನೂ ಕುರು ಅಂದರೆ ಜನ ಹಣ್ಣಾಗಲಿ ಅಂತ ಕಾಯುತ್ತಾರೆ. ಅದನ್ನು ಕೊಯ್ದು ಕೀವು ತೆಗೆಯಬೇಕು, ಬರೀ ಮಾತ್ರೆಗೆ ಬಗ್ಗುವುದಿಲ್ಲ. ಕೆಲವರಿಗೆ ಆಮೇಲೆ ಭಗಂದರವೂ, ಅಂದರೆ ಗುದದ ಒಳಗಿನಿಂದ ಹೊರಚರ್ಮಕ್ಕೆ ತೂತಿನಂಥ ದಾರಿ, ಆಗುತ್ತದೆ. 'ಕೀವುಬಾವು' ಅನ್ನಿ. 'ಗಡ್ಡೆ' ಮಾತ್ರ ಬೇಡ, ಓದಿದವರು ಕ್ಯಾನ್ಸರ್ ಅಂದುಕೊಳ್ಳುತ್ತಾರೆ.

ಉತ್ತರ:
ಬಾವು ಒಳ್ಳೆಯದು. 'ಮುಖ ಬಾತಿದೆ' ಅನ್ನುತ್ತೇವಲ್ಲ, ಅದೇ ಬೇರು, ಅಚ್ಚಕನ್ನಡ. ಆದರೆ ಪೃಷ್ಠ ಯಾಕೆ? 'ಪಿರ್ರೆ' ಸತ್ತುಹೋಯಿತೇ?

ಉತ್ತರ:
ಪಿರ್ರೆ ತೆಲುಗಿನಿಂದ ಬಂದದ್ದು. ನಮ್ಮದೇ ಆಗಿದ್ದರೆ ಹಳಗನ್ನಡದ ಪುಲಿ ಹುಲಿಯಾದ ಹಾಗೆ 'ಹಿರ್ರೆ' ಆಗಬೇಕಿತ್ತು.

ಉತ್ತರ:
ಸುಮ್ನೆ ಸೂತ್ರ ಒಪ್ಪಿಸಬೇಡಿ. ಕುಡಿಯುವ ಪಾಲು ಹಾಲಾಯಿತು, ಹಂಚಿಕೊಳ್ಳುವ ಪಾಲು ಇನ್ನೂ ಪಾಲೇ. ಪಡೆ ಪಡೆಯೇ. ಅವೂ ತೆಲುಗೇ? ಹೊರಗಿನದ್ದನ್ನು ಓಡಿಸಲೇಬೇಕು ಅಂದರೆ ಮೊದಲು 'ಇಂಜೆಕ್ಷನ್' ಓಡಿಸಿ, 'ಸೂಜಿಮದ್ದು' ತನ್ನಿ.

ಉತ್ತರ:
ಸೂಜಿಯೂ ಸಂಸ್ಕೃತದ ಸೂಚಿಯೇ. ಇನ್ನು ಏನು ಓಡಿಸೋಣ?

ಕೇಳಿದವರಿಂದ:
ದಯವಿಟ್ಟು ಕರಪತ್ರಕ್ಕೆ ಬನ್ನಿ. ಆರೈಕೆಯ ಭಾಗ ಹೀಗಿದೆ, ನೋಡಿ: "ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ 10–15 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಉಷ್ಣೋಪಚಾರ ಮಾಡಿ. ಹಿಸುಕಬೇಡಿ, ಚುಚ್ಚಬೇಡಿ. ಜ್ವರ ಬಂದರೆ, ಕೆಂಪು ಹರಡಿದರೆ, ಗುದದ ಹತ್ತಿರ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅವತ್ತೇ ವೈದ್ಯರಿಗೆ ತೋರಿಸಿ."

ಉತ್ತರ:
'ಉಷ್ಣೋಪಚಾರ' ಹೊಡೆದು 'ಶಾಖ ಕೊಡಿ' ಅನ್ನಿ. 'ಸುಡುವಷ್ಟು ಬಿಸಿ ಬೇಡ' ಅಂತಲೂ ಸೇರಿಸಿ. ತಲೆಬರಹ 'ಕುಂಡಿಯ ಕೀವುಬಾವು' ಇರಲಿ. ಕುಂಡಿ ಬೈಗುಳವಲ್ಲ, ಮೈಯ ಭಾಗ. ನಾಚಿಕೆಗೇ ಜನ ಡಾಕ್ಟರ ಹತ್ತಿರ ಹೋಗದೆ ನರಳುವುದು. ಪತ್ರವೂ ನಾಚಿದರೆ ಹೇಗೆ?

ಉತ್ತರ:
ಶಾಖ ಯಾಕೆ? 'ಕಾವು' ಇದೆ. ಪಿರ್ರೆಯ ವಿಷಯಕ್ಕೆ ಬೇರೆ ಎಳೆ ಶುರು ಮಾಡಿದ್ದೇನೆ, ಅಲ್ಲಿಗೆ ಬನ್ನಿ.