ಮೂರು ಎಸೆತಕ್ಕೊಮ್ಮೆ ದಾರದ ಗೂಡು: ತಪ್ಪು ರೀಲಿನದೋ, ಕೈಯದೋ?

ಗದಗಿನ ಗಾಳ:
ಎಲ್ಲರಿಗೂ ನಮಸ್ಕಾರ. ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೊಗಳನ್ನು ಆರು ತಿಂಗಳು ನೋಡಿ, ಕೊನೆಗೆ ಒಂದು ಬೇಟ್‌ಕಾಸ್ಟಿಂಗ್ ರೀಲ್, ಏಳು ಅಡಿಯ ಕೋಲು, ಹುಸಿ ಎರೆಯಾಗಿ ನಾಲ್ಕು ರಬ್ಬರ್ ಕಪ್ಪೆ ತರಿಸಿಕೊಂಡೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದುದು ಬಿದಿರು ಕೋಲು, ಬೆಂಡು, ಎರೆಹುಳು ಅಷ್ಟೇ. ಬಾಸ್ ನಮ್ಮ ಕೆರೆಗಳಲ್ಲಿಲ್ಲ ಎಂಬುದು ಗೊತ್ತು. ನನ್ನ ಕಣ್ಣಿರುವುದು ಹಾವಿನಂಥ ತಲೆಯ ಮರಲ್ ಮೀನಿನ ಮೇಲೆ.

ಡಂಬಳದ ಕೆರೆಯಲ್ಲಿ ಪ್ರತಿ ಮೂರನೆಯ ಎಸೆತಕ್ಕೆ ಸ್ಪೂಲಿನ (ರೀಲಿನೊಳಗೆ ದಾರ ಸುತ್ತಿರುವ ಉರುಳೆಯ) ಮೇಲೆ ದಾರ ಉಬ್ಬಿ ಎದ್ದು ಹಕ್ಕಿಗೂಡಿನಂತಾಗುತ್ತದೆ. ಕಳೆದ ಭಾನುವಾರ ಮುಕ್ಕಾಲು ಗಂಟೆ ಸೂಜಿ ಹಿಡಿದು ಬಿಡಿಸುತ್ತ ಕುಳಿತಿದ್ದೆ. ಎಮ್ಮೆ ತೊಳೆಯಲು ಬಂದಿದ್ದ ಅಜ್ಜ, "ತಮ್ಮಾ, ಮೀನು ಹಿಡಿಯಲು ಬಂದೆಯೋ, ಬಲೆ ನೇಯಲು ಬಂದೆಯೋ?" ಎಂದು ಕೇಳಿದ. ಸ್ಪೂಲಿನ ಓಟ ತಡೆಯುವ ಬ್ರೇಕಿನ ಚಕ್ರವನ್ನು 10ರವರೆಗೂ ತಿರುಗಿಸಿದ್ದೇನೆ. ರೀಲನ್ನೇ ಹಿಂದಿರುಗಿಸಲೇ?

ಉಣಕಲ್ ದಂಡೆ:
ಹಿಂದಿರುಗಿಸಬೇಡಿ. ಬ್ರೇಕ್ ಬೇರೆ, ಹಿಡಿಕೆಯ ಬದಿಯಲ್ಲಿರುವ ಚಿಕ್ಕ ಟೆನ್ಷನ್ ಗುಂಡಿ ಬೇರೆ. ಕೋಲಿನ ತುದಿಯಿಂದ ಕಪ್ಪೆಯನ್ನು ಇಳಿಬಿಟ್ಟು ಹೆಬ್ಬೆರಳಿನ ಒತ್ತುಗುಂಡಿ ಅದುಮಿ. ಕಪ್ಪೆ ನಿಧಾನವಾಗಿ ಇಳಿಯಬೇಕು, ಅದು ನೆಲ ಮುಟ್ಟಿದ ಕ್ಷಣವೇ ಸ್ಪೂಲ್ ನಿಲ್ಲಬೇಕು. ಹಾಗಾಗುವವರೆಗೆ ಟೆನ್ಷನ್ ಗುಂಡಿಯನ್ನು ತಿರುಗಿಸಿ. ಬ್ರೇಕ್ 10ರಲ್ಲೇ ಇರಲಿ, ಕೈ ಪಳಗಿದ ಮೇಲೆ ಒಂದೊಂದೇ ಅಂಕಿ ಇಳಿಸಿ.

ಸಾಧನಕೇರಿ ಸಂಜೆ:
ನನ್ನನ್ನು ಕೇಳಿದರೆ ಅದನ್ನು ಮಾರಿ ಸ್ಪಿನ್ನಿಂಗ್ ರೀಲ್ ಕೊಳ್ಳಿ. ಅದರ ಸ್ಪೂಲ್ ಎಸೆಯುವಾಗ ತಿರುಗುವುದೇ ಇಲ್ಲ, ಹಾಗಾಗಿ ಈ ರೋಗವೇ ಇಲ್ಲ. ಕಲಿಯುವವರಿಗೆ ಬೇಟ್‌ಕಾಸ್ಟರ್ ಮಾರುವುದು ಸೈಕಲ್ ಬಾರದವನಿಗೆ ಬುಲೆಟ್ ಕೊಟ್ಟಂತೆ.

ಗದಗಿನ ಗಾಳ:
ಉಣಕಲ್ ಸರ್, ನೀವು ಹೇಳಿದಂತೆಯೇ ಮಾಡಿದೆ. ಗುಂಡಿ ಬಿಗಿದರೆ ಕಪ್ಪೆ ಇಳಿಯುವುದೇ ಇಲ್ಲ, ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಒಂದೆಳೆ ಸಡಿಲಿಸಿದರೆ ಮತ್ತೆ ಗೂಡು. ನಡುವಿನ ಜಾಗವೇ ಸಿಗುತ್ತಿಲ್ಲ.

ವರದಾ ತೀರ:
ಹಾವೇರಿಯಿಂದ. ತಮ್ಮಾ, ನಾಲ್ಕು ಪ್ರಶ್ನೆ. ಕಪ್ಪೆಯ ತೂಕ ಎಷ್ಟು? ಕೋಲಿನ ಮೇಲೆ ಎಷ್ಟೆಂದು ಬರೆದಿದೆ? ದಾರ ಯಾವುದು, ಅದನ್ನು ಸುತ್ತಿದ್ದು ಹೇಗೆ? ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?

ಗದಗಿನ ಗಾಳ:
ಕಪ್ಪೆ 6 ಗ್ರಾಂ. ಕೋಲಿನ ಮೇಲೆ ಅರ್ಧದಿಂದ ಒಂದು ಔನ್ಸ್ ಎಂದಿದೆ. ದಾರ ತೆಳ್ಳನೆಯ ಬ್ರೇಡ್ (ಎಳೆಗಳನ್ನು ಹೆಣೆದ ದಾರ); ಮಗ ಉಂಡೆ ಹಿಡಿದ, ನಾನು ಸುತ್ತಿದೆ, ಅಂಚಿನವರೆಗೂ ತುಂಬಿಸಿದೆ. ಗಾಳಿಯ ವಿಷಯ ಏನು ಹೇಳಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗುವುದು ಕಾಣುವ ಊರು ನಮ್ಮದು. ಮುಖಕ್ಕೇ ಬೀಸುತ್ತಿತ್ತು. ಇನ್ನೊಂದು ವಿಚಿತ್ರ: ಮೀನು ಜಗ್ಗಿದಾಗ ದಾರ ಎಷ್ಟು ಬಿಡಬೇಕೆಂದು ಹೊಂದಿಸುವ ಡ್ರ್ಯಾಗ್ ಅನ್ನು ಪೂರ್ತಿ ಬಿಗಿದು ದಾರ ಎಳೆದರೂ ಸ್ಪೂಲ್ ನಿಂತೇ ಇರುತ್ತದೆ, ಮೇಲಿನ ದಾರವೆಲ್ಲ ಒಟ್ಟಿಗೆ ಜಾರುತ್ತದೆ.

ವರದಾ ತೀರ:
ಸಿಕ್ಕಿತು. ರೀಲಿನದು ತಪ್ಪಿಲ್ಲ, ನಿಮ್ಮ ಕೈಯದೂ ಅರ್ಧವೇ.

ಅರ್ಧ ಔನ್ಸ್ ಎಂದರೆ 14 ಗ್ರಾಂ. ಆ ಕೋಲು ಬಾಗಿ ಚಿಮ್ಮಬೇಕಾದರೆ ಅಷ್ಟು ತೂಕ ಬೇಕು. 6 ಗ್ರಾಂ ಕಪ್ಪೆಗೆ ಅದು ಬಾಗುವುದಿಲ್ಲ, ಆದ್ದರಿಂದ ನೀವು ರಟ್ಟೆಯ ಬಲದಿಂದ ಝಾಡಿಸುತ್ತೀರಿ. ಸ್ಪೂಲ್ ಒಮ್ಮೆಲೇ ವೇಗ ಪಡೆಯುತ್ತದೆ, ಹಗುರ ಕಪ್ಪೆ ಎದುರುಗಾಳಿಗೆ ಸಿಕ್ಕಿ ನಡುದಾರಿಯಲ್ಲೇ ಸೋಲುತ್ತದೆ. ಹೊರಗೆ ಹೋಗುವ ದಾರಕ್ಕಿಂತ ಸ್ಪೂಲ್ ಬಿಚ್ಚುವ ದಾರ ಹೆಚ್ಚಾದಾಗ ಗೂಡಾಗದೆ ಇನ್ನೇನಾದೀತು?

ದಾರ ಜಾರುವುದಕ್ಕೆ ಕಾರಣ ಬೇರೆ. ಬ್ರೇಡ್ ನುಣುಪಾದ ಲೋಹವನ್ನು ಕಚ್ಚಿ ಹಿಡಿಯುವುದಿಲ್ಲ. ಎಲ್ಲ ಬಿಚ್ಚಿ, ಮೊದಲು ಎಂಟು ಹತ್ತು ಮೀಟರ್ ಸಾದಾ ನೈಲಾನ್ ದಾರ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. 40 ಪೌಂಡಿಗಿಂತ ಕಡಿಮೆ ಭಾರ ತಾಳುವ ದಾರ ಬೇಡ. ತೆಳ್ಳನೆಯದು ಮೀನು ಜಗ್ಗಿದಾಗ ಕೆಳಗಿನ ಸುತ್ತುಗಳ ಸಂದಿಗೆ ಇಳಿದು ಕೂರುತ್ತದೆ, ಮುಂದಿನ ಎಸೆತಕ್ಕೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುತ್ತುವಾಗ ಒದ್ದೆ ಬಟ್ಟೆಯ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಲು ಮಗನಿಗೆ ಹೇಳಿ. ಅಂಚಿಗೆ 2-3 ಮಿಲಿಮೀಟರ್ ಜಾಗ ಬಿಡಿ.

ಕೆರೆಗೆ ಹೋಗುವ ಮುಂಚೆ ಬಯಲಿನಲ್ಲಿ ಕೊಕ್ಕೆಯಿಲ್ಲದ 15 ಗ್ರಾಂ ಸೀಸದ ಗುಂಡು ಕಟ್ಟಿ ಎಸೆಯಿರಿ. ಮೂವತ್ತು ಹೆಜ್ಜೆಯಷ್ಟು ದಾರ ಹೊರಗೆಳೆದು, ಉಳಿದ ಸುತ್ತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಗೂಡಾದರೂ ಅದರ ಕೆಳಗೆ ಇಳಿಯುವುದಿಲ್ಲ. ಹೆಬ್ಬೆರಳು ಸ್ಪೂಲಿಗೆ ಗರಿಯಂತೆ ತಾಗಿರಲಿ, ಗುಂಡು ನೆಲ ಮುಟ್ಟುವ ತುಸು ಮೊದಲೇ ಒತ್ತಿ. ಗೂಡಾದರೆ ಸೂಜಿ ತೆಗೆಯಬೇಡಿ: ಹೆಬ್ಬೆರಳಿನಿಂದ ಗೂಡನ್ನು ಗಟ್ಟಿಯಾಗಿ ಅದುಮಿ, ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆಯಿರಿ. ಬಹುಪಾಲು ತಾನೇ ಬಿಚ್ಚಿಕೊಳ್ಳುತ್ತದೆ.

ಸಾಧನಕೇರಿಯವರ ಮಾತು ಹಗುರ ಹುಸಿ ಎರೆಗೆ ಸರಿ. ಮರಲ್ ಮಾತ್ರ ಬಾಸ್‌ನಂತೆಯೇ ಜೊಂಡಿನಲ್ಲಿ ಹೊಂಚು ಹಾಕುವ ಮೀನು. ಕಚ್ಚಿದೊಡನೆ ಅಂತರಗಂಗೆಯೊಳಗೆ ನುಗ್ಗುತ್ತದೆ. ಅದನ್ನು ಅಲ್ಲಿಂದ ಎಳೆದು ತರಲು ಈ ಕೋಲೂ ಈ ರೀಲೂ ಬೇಕು.

ಗದಗಿನ ಗಾಳ:
ಹತ್ತು ದಿನದ ವರದಿ. 15 ಗ್ರಾಂ ಕಪ್ಪೆ, ಹೊಸ ದಾರ. 40 ಎಸೆತಕ್ಕೆ ಎರಡೇ ಗೂಡು, ಎರಡೂ ಅರ್ಧ ನಿಮಿಷದಲ್ಲಿ ಬಿಚ್ಚಿಕೊಂಡವು. ಹೊಸ ತಾಪತ್ರಯ: ಮೂರು ಮರಲ್‌ಗಳು ಕಪ್ಪೆಯ ಮೇಲೆ ಎಗರಿದವು, ನೀರು ಸಿಡಿಯಿತು, ನಾನು ಎಳೆದೆ, ಕಪ್ಪೆ ಬಂದು ನನ್ನ ಎದೆಗೇ ಬಡಿಯಿತು. ಮೀನು ಒಂದೂ ಇಲ್ಲ.

ಉಣಕಲ್ ದಂಡೆ:
ಸಿಡಿದ ನೀರನ್ನು ಕಂಡು ಎಳೆಯಬೇಡಿ, ಕೈಗೆ ಭಾರ ತಿಳಿದ ಮೇಲೆ ಎಳೆಯಿರಿ. "ಒಂದು, ಎರಡು" ಎಂದು ಎಣಿಸಿ. ಹೊಸ ಕಪ್ಪೆಯ ಮೈ ಗಟ್ಟಿಯಾಗಿದ್ದರೆ ಮೀನು ಕಚ್ಚಿದರೂ ಅದುಮಿಕೊಳ್ಳುವುದಿಲ್ಲ, ಕೊಕ್ಕೆ ಹೊರಗೆ ಬರುವುದಿಲ್ಲ; ಬೆರಳಿನಿಂದ ಹಿಚುಕಿ ಮೆತ್ತಗೆ ಮಾಡಿ. ಜೋಡಿ ಕೊಕ್ಕೆಯ ಮೊನೆಗಳನ್ನು ಇಕ್ಕಳದಿಂದ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿ.

ವರದಾ ತೀರ:
ಒಂದು ಮಾತು. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅಲ್ಲಿಗೆ ಎಸೆಯಬೇಡಿ. ತಾಯಿ ತಂದೆ ಕೆಳಗೆ ಕಾವಲಿರುತ್ತವೆ, ಸಿಟ್ಟಿಗೆ ಖಂಡಿತ ಕಚ್ಚುತ್ತವೆ, ಆದರೆ ಅವು ಹೋದರೆ ಮರಿಗಳು ಉಳಿಯುವುದಿಲ್ಲ. ಕೆರೆಯ ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿದಿದ್ದೀರಿ ತಾನೆ?

ಗದಗಿನ ಗಾಳ:
ಕೇಳಿದ್ದೇನೆ ಅಣ್ಣ, ಚಹಾ ಕುಡಿಸಿ ಒಪ್ಪಿಸಿದ್ದೇನೆ. ಗೆಳೆಯನೊಬ್ಬ ಮಾಗಡಿ ಕೆರೆಗೆ ಕರೆಯುತ್ತಿದ್ದಾನೆ, ಹೋಗಬಹುದೇ?

ಸಾಧನಕೇರಿ ಸಂಜೆ:
ಅದು ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುವ ಸಂರಕ್ಷಿತ ಕೆರೆ, 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ದುರ್ಬೀನು ಹಿಡಿದು ಹೋಗಿ, ಗಾಳ ಮನೆಯಲ್ಲಿರಲಿ.

ಗದಗಿನ ಗಾಳ:
ಸರಿ, ಡಂಬಳವೇ ಗತಿ. ಇಂದು ಬೆಳಿಗ್ಗೆ "ಎರಡು" ಎನ್ನುವಷ್ಟರಲ್ಲಿ ಕೋಲು ಬಾಗಿತು. ಮುಕ್ಕಾಲು ಕಿಲೊ ಮರಲ್. ಎಮ್ಮೆಯ ಅಜ್ಜನೇ ಕೊಕ್ಕೆ ಬಿಡಿಸಿಕೊಟ್ಟ, ಮೀನನ್ನೂ ಅವನೇ ಒಯ್ದ.